ಹಣೆಗೆ ಒರೆಸಿಕೊಂಡ ಹೆಬ್ಬೆರಳು

ಹೋದ ಜನವರಿಯಲ್ಲಿ, ಸಂಕ್ರಾಂತಿಗೆ ಇನ್ನೊಂದು ವಾರ ಇದೆ ಎನ್ನುವಾಗ, ನಾನು ಬದುಕಿದ್ದೇನೆಂದು ಒಪ್ಪಲು ರಾಬರ್ಟ್‌ಸನ್‌ಪೇಟೆಯ ಒಂದು ಯಂತ್ರಕ್ಕೆ ಮನಸ್ಸು ಬರಲಿಲ್ಲ. ಯಂತ್ರವೆಂದರೆ ದೊಡ್ಡದೇನಲ್ಲ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದಪ್ಪ, ಮೇಲೊಂದು ಗಾಜು, ಗಾಜಿನೊಳಗೊಂದು ಕೆಂಪು ದೀಪ. ಪಿಂಚಣಿ ಎಣಿಸುವವರು ವರ್ಷಕ್ಕೊಮ್ಮೆ ಅದರ ಮೇಲೆ ಬೆರಳಿಟ್ಟು ‘ಇದ್ದೀನಪ್ಪಾ’ ಎಂದು ಹಾಜರಿ ಹಾಕಬೇಕು. 2014ರ ನವೆಂಬರಿನಲ್ಲಿ ಶುರುವಾದ ಈ ಏರ್ಪಾಡಿಗೆ ಜೀವನ್ ಪ್ರಮಾಣ್ ಎಂದು ಹೆಸರು. ಅದಕ್ಕೂ ಮೊದಲು ಬ್ಯಾಂಕಿನ ಮ್ಯಾನೇಜರು ಕನ್ನಡಕದ ಮೇಲಿಂದ ನಮ್ಮನ್ನೊಮ್ಮೆ ನೋಡಿ ಸಹಿ ಹಾಕುತ್ತಿದ್ದರು. ಆಗ ಬದುಕಿರುವುದು ಸುಲಭವಿತ್ತು.

ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ಬಹಳ ತಾಳ್ಮೆಯವಳು. ಬಲ ಹೆಬ್ಬೆರಳು ಆಯಿತು, ಎಡ ಹೆಬ್ಬೆರಳು ಆಯಿತು, ತೋರುಬೆರಳುಗಳಾದವು. ಪ್ರತಿ ಸಲವೂ ಪರದೆಯ ಮೇಲೆ ಕೆಂಪಕ್ಷರ. ಅವಳು ದುಪಟ್ಟಾದ ಅಂಚಿನಿಂದ ಗಾಜು ಒರೆಸಿದಳು. “ಒತ್ತಿ ಇಡಿ ಅಂಕಲ್” ಅಂದಳು. ಒತ್ತಿದೆ. “ಅಷ್ಟೊಂದಲ್ಲ” ಅಂದಳು. ಆಮೇಲೆ ನನ್ನ ಕೈಯನ್ನು ತಿರುಗಿಸಿ ನೋಡಿ, “ಹಣೆಗೊಂದ್ಸಲ ಒರೆಸ್ಕೊಳ್ಳಿ, ಇಲ್ಲಾಂದ್ರೆ ಕೂದಲಿಗೆ ಉಜ್ಜಿ” ಅಂದಳು. ಕೂದಲಿನ ವಿಚಾರದಲ್ಲಿ ನಾನು ಬಡವ. ಹಣೆ ಮಾತ್ರ ಧಾರಾಳವಾಗಿದೆ. ಒರೆಸಿಕೊಂಡೆ. ಯಂತ್ರ ಒಂದು ಗಳಿಗೆ ಯೋಚಿಸಿದಂತೆ ಮಾಡಿ ಮತ್ತೆ ತಲೆಯಾಡಿಸಿತು.

ಹಿಂದೆ ಸಾಲಿನಲ್ಲಿದ್ದವರು ನನ್ನ ಬೆರಳಿಗಿಂತ ಹೆಚ್ಚಾಗಿ ನನ್ನ ಮುಖವನ್ನೇ ಅನುಮಾನದಿಂದ ನೋಡತೊಡಗಿದ್ದರು.

“ಮುಖ ತೋರಿಸಿಯೂ ಮಾಡಬಹುದು ಅಂಕಲ್, ಮೊಬೈಲಲ್ಲಿ” ಎಂದಳು ಹುಡುಗಿ. ಅದು ನಿಜವೇ. 2021ರಿಂದ ಮುಖ ನೋಡಿ ಗುರುತು ಹಿಡಿಯುವ ಅನುಕೂಲವೂ ಬಂದಿದೆ. ಆದರೆ ನನಗೊಂದು ಹಟ ಹುಟ್ಟಿತು. ಮೂವತ್ತೈದು ವರ್ಷ ಲೇತ್ ಮೇಲೆ ನಿಂತು ಅನ್ನ ಸಂಪಾದಿಸಿದ್ದು ಕೈ. ಪಿಂಚಣಿ ಕೈಯದ್ದು, ಮುಖದ್ದಲ್ಲ. ಹೋದ ವರ್ಷದ ಪ್ರಮಾಣಕ್ಕೆ ತಿಂಗಳ ಕೊನೆಯವರೆಗೂ ಜೀವ ಇತ್ತು. “ಹಬ್ಬ ಆದಮೇಲೆ ಬರ್ತೀನಮ್ಮ” ಎಂದು ಎದ್ದು ಬಂದೆ.

ಮನೆಗೆ ಬಂದು ಬಾಗಿಲ ಬೆಳಕಿನಲ್ಲಿ ಕೂತು, ಓದುವ ಕನ್ನಡಕ ಹಾಕಿಕೊಂಡು, ನನ್ನದೇ ಹೆಬ್ಬೆರಳನ್ನು ಮೊದಲ ಸಲ ಎಂಬಂತೆ ನೋಡಿದೆ. ಉಗುರಿನ ಮೂಲೆಯಿಂದ ಹೊರಟ ಒಂದು ಸೀಳು ಬೆರಳಿನ ಮೆತ್ತಗಿನ ಭಾಗಕ್ಕೆ ಇಳಿದು, ಅಲ್ಲಿ ಎರಡಾಗಿ ಕವಲೊಡೆದಿತ್ತು. ಅದರ ಅಂಚು ಗಟ್ಟಿಯಾಗಿ, ಬೆಳ್ಳಗೆ, ಸುಣ್ಣದ ಗೋಡೆ ಸಿಬರೆದ್ದ ಹಾಗೆ. ತಳದಲ್ಲಿ ಸೂಜಿಮೊನೆಯಷ್ಟು ಕೆಂಪು. ಮಿಕ್ಕ ಗೆರೆಗಳೆಲ್ಲ ಸವೆದು, ಚಾಲ್ತಿಯಲ್ಲಿಲ್ಲದ ನಾಣ್ಯದ ಹಾಗೆ ನುಣ್ಣಗಾಗಿದ್ದವು. ನಿಂಬೆಕಾಯಿ ಉಪ್ಪಿನಕಾಯಿ ಕಲಸಿಕೊಂಡರೆ ಉರಿ ನೆತ್ತಿಗೆ ಹತ್ತುತ್ತಿತ್ತು. ಅಂಗಿಯ ಗುಂಡಿ ಹಾಕುವಾಗ ‘ಸ್’ ಎನ್ನುತ್ತಿದ್ದೆ. ಉಲ್ಲನ್ ಶಾಲು ಹೊದೆಯಲು ಹೋದರೆ ಒಂದೊಂದು ಎಳೆಯೂ ಬೆರಳಿಗೆ ಸಿಕ್ಕಿಕೊಂಡು ಜೊತೆಗೇ ಬರುತ್ತಿತ್ತು. ಹಬ್ಬಕ್ಕೆಂದು ಹೊರಗೆ ತೆಗೆದಿದ್ದ ರೇಷ್ಮೆ ಸೀರೆಯನ್ನು ಮಂಚದಿಂದ ಎತ್ತಿಡಲು ಹೋದಾಗ ನನ್ನ ಹೆಂಡತಿ, “ರೀ, ಮುಟ್ಟಬೇಡಿ, ಎಳೆ ಎದ್ದುಬಿಡತ್ತೆ” ಎಂದು ಅಡುಗೆಮನೆಯಿಂದಲೇ ಕೂಗಿದ್ದಳು.

ಪಿಂಚಣಿಗೂ ಬೆರಳಿಗೂ ಇರುವ ನಂಟು ಆಧಾರ್ ಕಾಲದ್ದಲ್ಲ, ಅದಕ್ಕಿಂತ ಬಹಳ ಹಳೆಯದು. 1877ರಲ್ಲಿ ಬಂಗಾಳದ ಹೂಗ್ಲಿಯಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಪಿಂಚಣಿದಾರರಿಂದ ಬೆರಳಚ್ಚು ಹಾಕಿಸಿಕೊಳ್ಳತೊಡಗಿದ. ಸತ್ತವರ ಹೆಸರಿನಲ್ಲಿ ಇನ್ಯಾರೋ ಬಂದು ದುಡ್ಡು ಎಣಿಸಿಕೊಂಡು ಹೋಗುವುದನ್ನು ತಪ್ಪಿಸಲು ಅವನಿಗೆ ಹೊಳೆದ ಉಪಾಯ ಅದು. ಕಳ್ಳರನ್ನು ಹಿಡಿಯಲು ಪೊಲೀಸರು ಬೆರಳಚ್ಚು ನೆಚ್ಚಿದ್ದು ಆಮೇಲೆ. ಹಾಗಾಗಿ ಈ ವಿಚಾರದಲ್ಲಿ ಕಳ್ಳರಿಗಿಂತ ನಾವು ಪಿಂಚಣಿದಾರರೇ ಹಿರಿಯರು. ಹರ್ಷೆಲ್ ಸಾಹೇಬನ ಮುಂದೆ ಮಾಗಿಯ ಚಳಿಯಲ್ಲಿ ಕೈ ಒಡೆದವರು ಯಾರಾದರೂ ನಿಂತಿದ್ದರೆ ಅವನೇನು ಮಾಡುತ್ತಿದ್ದನೋ.

ಇಲ್ಲಿ ಮಾಗಿ ಎಂದರೆ ಮಾಗಿಯೇ. ನಮ್ಮ ಬಯಲು ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿದೆ. ಕೋಲಾರದ ಚಿನ್ನದ ಗಣಿ ನಡೆಸುತ್ತಿದ್ದ ಇಂಗ್ಲಿಷರು ಇದನ್ನು ಚಿಕ್ಕ ಇಂಗ್ಲೆಂಡ್ ಎಂದು ಕರೆದು ಬಂಗಲೆಗಳಲ್ಲಿ ಬೆಂಕಿಗೂಡು ಕಟ್ಟಿಸಿಕೊಂಡಿದ್ದರು. ತಣ್ಣನೆ ಗಾಳಿಯಲ್ಲಿ ತೇವ ನಿಲ್ಲುವುದಿಲ್ಲ. ಮೈಮೇಲಿನ ತೇವವನ್ನೂ ಅದು ಕಿತ್ತುಕೊಂಡು ಹೋಗುತ್ತದೆ. ಅದರ ಜೊತೆಗೆ ನಮ್ಮೂರಿನ ಸ್ವಂತ ಆಸ್ತಿ ಒಂದಿದೆ, ಸೈನೈಡ್ ದಿಬ್ಬ. ಬಂಡೆಯನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದದ್ದನ್ನು ಊರ ಮಗ್ಗುಲಿಗೇ ಸುರಿದ ಗುಡ್ಡಗಳು ಅವು. ಮೂರು ಕೋಟಿ ಟನ್ನಿಗೂ ಹೆಚ್ಚು. ಸಿನಿಮಾದವರಿಗೆ ಅದು ಮರಳುಗಾಡು, ನಮಗೆ ಗಾಳಿ ಎದ್ದ ದಿನ ಒಣಗಹಾಕಿದ ಬಟ್ಟೆಯ ಮೇಲೆ, ತಟ್ಟೆಯ ಮೇಲೆ, ಅಂಗೈ ಗೆರೆಗಳಲ್ಲಿ ಕೂರುವ ಸಣ್ಣ ಪುಡಿ.

ಹುಡುಗನಾಗಿದ್ದಾಗ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿಗೆ ಬೆಳಗಿನ ಶಿಫ್ಟಿಗೆ ಬರುತ್ತಿದ್ದೆ. ಒಳಗೆ ಜಾಗವಿಲ್ಲದೆ ಬಾಗಿಲಲ್ಲಿ ಕಬ್ಬಿಣದ ಸರಳು ಹಿಡಿದು ನಿಂತರೆ ಕೋರಮಂಡಲ್ ಬರುವ ಹೊತ್ತಿಗೆ ಕೈ ನನ್ನದಲ್ಲ ಅನ್ನಿಸುತ್ತಿತ್ತು. ಕೈ ಒಡೆಯುವುದೆಂದರೆ ಚಳಿಯ ಕೆಲಸ, ಕಬ್ಬಿಣದ ಕೆಲಸ ಎಂದೇ ನಾನು ನಂಬಿದ್ದು ಆಗಿನಿಂದ. ಗಟ್ಟಿ ಕೆಲಸ ಮಾಡುವವನ ಕೈ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಒಡೆಯುತ್ತದೆ. ಅದರಲ್ಲಿ ಒಳಗೊಳಗೇ ಒಂದು ಜಂಬವೂ ಇತ್ತು.

ಆ ಜಂಬ ಇಳಿಸಿದ್ದು ಪಕ್ಕದ ಮನೆಯ ಪಾಟಿ. ಎಂಬತ್ತು ದಾಟಿದ ಜೀವ. ಗಂಡ ಚಾಂಪಿಯನ್ ರೀಫ್ ಗಣಿಯಲ್ಲಿದ್ದವರು. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಪಾತ್ರೆಯಲ್ಲಿ ಹಾಕಿ ಕಲಕಿದಂಥ ಮಾತು. ಇಲ್ಲಿ ಎಲ್ಲರದೂ ಹಾಗೆಯೇ ಅನ್ನಿ. ನನ್ನ ಹೆಬ್ಬೆರಳು ನೋಡಿ, “ಇದು ಪಿತ್ತವೆಡಿಪ್ಪು ತಂಬಿ” ಅಂದಳು. ವೆಡಿಪ್ಪು ಎಂದರೆ ಒಡಕು. ವೆಡಿ ಎಂದರೆ ಸಿಡಿತ, ಬಂಡೆಗೆ ಮದ್ದಿಟ್ಟು ಹಾರಿಸುವುದು. ಗಣಿ ಊರಿನಲ್ಲಿ ಕೈಗೂ ಬಂಡೆಗೂ ಒಂದೇ ಮಾತು. ನಾವು ಚಿಕ್ಕವರಿದ್ದಾಗ ರಾತ್ರಿ ಎಷ್ಟೋ ಹೊತ್ತಿನಲ್ಲಿ ನೆಲ ಗುಡುಗಿ, ಗೂಡಿನಲ್ಲಿದ್ದ ಲೋಟಗಳು ಗಲಗಲ ಅನ್ನುತ್ತಿದ್ದವು. ದೊಡ್ಡವರು ಮಗ್ಗುಲು ಬದಲಿಸಿ, “ಏರ್‌ಬ್ಲಾಸ್ಟು, ಮಲಗು” ಅನ್ನುತ್ತಿದ್ದರು. ಮೂರು ಕಿಲೋಮೀಟರಿಗೂ ಆಳದಲ್ಲಿ ಭಾರ ತಾಳಲಾರದೆ ಬಂಡೆ ತಾನಾಗಿ ಸಿಡಿಯುವ ಸದ್ದು ಅದು. ಬೆಳಿಗ್ಗೆ ಎದ್ದು ನೋಡಿದರೆ ಗೋಡೆಯ ಹಳೇ ಬಿರುಕು ಒಂದು ಬೆರಳಿನಷ್ಟು ಉದ್ದವಾಗಿರುತ್ತಿತ್ತು.

“ನಿಮ್ಮೆಜಮಾನ್ರಿಗೂ ಹೀಗೇ ಆಗ್ತಿತ್ತಾ ಪಾಟಿ?” ಎಂದೆ.

“ಕೆಳಗೆ ಆಗ್ತಿರ್ಲಿಲ್ಲ” ಅಂದಳು. ಕೆಳಗೆ ಬಂಡೆಯೇ ಬಿಸಿ. ಎಂಟು ಗಂಟೆ ಹೊತ್ತು ಬೆವರಿನಲ್ಲಿ ಕೈ ನೆಂದು ಹತ್ತಿಯಾಗಿರುತ್ತಿತ್ತಂತೆ. ರಾತ್ರಿ ಶಿಫ್ಟು ಮುಗಿಸಿ ಕೇಜ್ ಹತ್ತಿ ಮೇಲೆ ಬಂದು, ಮಂಜಿನಲ್ಲಿ ಸೈಕಲ್ ಹ್ಯಾಂಡಲ್ ಹಿಡಿದುಕೊಂಡು ಮನೆಗೆ ಬರುವಷ್ಟರಲ್ಲಿ ಒಡೆಯುತ್ತಿತ್ತಂತೆ. “ನೆನೀಬೇಕು, ಒಣಗಬೇಕು. ಆವಾಗ್ಲೇ ಒಡೆಯೋದು. ಕಲ್ಲು ಏನ್ ಮಾಡತ್ತೆ ಪಾವಂ!” ಎಂದು ಕಲ್ಲಿನ ಪರವಾಗಿ ವಾದಿಸಿದಳು. ಆಮೇಲೆ ಮರುದಾಣಿ ಸೊಪ್ಪು ಅರೆದು ಮೆತ್ತಬೇಕು, ವಿಳಕ್ಕೆಣ್ಣೆಗೆ ಅರಿಸಿನ ಕಲಸಿ ಹಚ್ಚಬೇಕು ಎಂದು ಔಷಧ ಹೇಳಿದಳು. ಮರುದಾಣಿ ನಮ್ಮ ಗೋರಂಟಿ. ಬೆರಳು ಕೆಂಪಾದರೆ ಯಂತ್ರ ಇನ್ನಷ್ಟು ಗಾಬರಿಯಾದೀತೆಂದು ಅದನ್ನು ಬಿಟ್ಟೆ. ಎಣ್ಣೆ ತರೋಣವೆಂದು ಪೇಟೆಯ ಮಾರ್ಕೆಟ್ಟಿಗೆ ಹೋದೆ. ಅಂಗಡಿಯಲ್ಲಿ ನನಗಿಂತ ಮುಂದಿದ್ದಾಕೆ ಆಮುದಂ ಕೇಳಿದಳು, ಪಕ್ಕದವನು ವಿಳಕ್ಕೆಣ್ಣೆ ಕೇಳಿದ, ನಾನು ಹರಳೆಣ್ಣೆ ಕೇಳಿದೆ. ಮೂವರಿಗೂ ಒಂದೇ ಡಬ್ಬದಿಂದ ಅಳೆದು ಕೊಟ್ಟರು.

ಹರಳೆಣ್ಣೆ ಅಂಟು. ಸಾಲದ್ದಕ್ಕೆ ಅದರ ವಾಸನೆಗೆ ನನ್ನ ಹೆಂಡತಿ ಮಂಚದ ಆ ತುದಿಗೆ ಸರಿದಳು. ಎರಡು ದಿನ ನೋಡಿ ಚರ್ಮದ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ಕೈ ನೋಡುವ ಮೊದಲೇ, “ದಿನಕ್ಕೆ ಎಷ್ಟು ಸಲ ಕೈ ತೊಳೀತೀರಿ?” ಎಂದು ಕೇಳಿದರು. ನಾನು ಅಭಿಮಾನದಿಂದ ಎಣಿಸಿ ಹೇಳಿದೆ. ಹದಿನೆಂಟು ಆಯಿತು. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಈ ತೊಳೆಯುವ ಚಟದ ಹಿನ್ನೆಲೆ ಹೇಳಬೇಕು. ಲೇತ್ ಕೆಲಸದವನ ಕೈಯಲ್ಲಿ ಕೂಲೆಂಟ್ ಇಳಿಯುತ್ತಲೇ ಇರುತ್ತದೆ. ಹಾಲಿನ ಬಣ್ಣದ ನೀರು ಅದು. ಟೂಲ್ ಬಿಸಿಯಾಗದಿರಲೆಂದು ಸುರಿಯುವುದು. ನೋಡಲು ಎಣ್ಣೆಯ ಹಾಗಿದ್ದರೂ, ಎಣ್ಣೆಯನ್ನೂ ನೀರನ್ನೂ ಕೂಡಿಸಲು ಅದರಲ್ಲಿ ಸೋಪಿನ ಜಾತಿಯದೇ ವಸ್ತು ಇರುತ್ತದೆ. ಅದರ ಮೇಲೆ ಗ್ರೀಸು, ಕಬ್ಬಿಣದ ಕರಿ. ಸೈರನ್ ಆದ ಕೂಡಲೇ ನಾವೆಲ್ಲ ನಲ್ಲಿಯ ಹತ್ತಿರ ನಿಂತು ಮೊದಲು ಸೀಮೆಎಣ್ಣೆಯಲ್ಲಿ ಅದ್ದಿದ ಕಾಟನ್ ವೇಸ್ಟಿನಿಂದ ಉಜ್ಜಿ, ಆಮೇಲೆ ಬಟ್ಟೆ ಒಗೆಯುವ ಪುಡಿಗೆ ಮರದ ಹೊಟ್ಟು ಬೆರೆಸಿ ತಿಕ್ಕಿ, ಕೊನೆಗೆ ಮನೆಗೆ ಬಂದು ಮೈಸೂರು ಸ್ಯಾಂಡಲ್ ಸೋಪಿನಲ್ಲಿ ತೊಳೆಯುತ್ತಿದ್ದೆವು. ಕರಿ ಕೈಯಲ್ಲಿ ಮನೆಯೊಳಗೆ ಬರಬಾರದೆಂಬುದು ನನ್ನ ನಿಯಮ. ಮಗಳನ್ನು ಎತ್ತಿಕೊಳ್ಳುವ ಕೈ ಬಿಳುಪಾಗಿರಬೇಕು. ಕೈ ‘ಕಿರ್’ ಎಂದು ಸದ್ದು ಮಾಡಿದರೆ ಮಾತ್ರ ಶುದ್ಧವಾದಂತೆ ಲೆಕ್ಕ. ನಿವೃತ್ತಿಯಾದ ಮೇಲೆ ಕರಿ ಹೋಯಿತು, ಚಟ ಉಳಿಯಿತು. ಅಷ್ಟರಲ್ಲಿ ಕೊರೋನಾ ಬಂದು ಇಡೀ ದೇಶವೇ ನನ್ನ ದಾರಿಗೆ ಬಂತು.

ಡಾಕ್ಟರು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಚರ್ಮದ ಮೇಲ್ಪದರ ಇಟ್ಟಿಗೆ ಕಟ್ಟಡದ ಹಾಗೆ. ಸತ್ತ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬು ಗಾರೆ. ಆ ಗಾರೆ ಇರುವವರೆಗೆ ಒಳಗಿನ ತೇವ ಒಳಗೆ. ಚರ್ಮಕ್ಕೆ ಸ್ವಲ್ಪ ಹುಳಿಯ ಗುಣವಿದೆ, ಸೋಪಿಗೆ ಕ್ಷಾರದ ಗುಣ. ಸೋಪಿಗೆ ಕೊಳೆಯ ಜಿಡ್ಡು ಯಾವುದು, ನಮ್ಮ ಸ್ವಂತ ಜಿಡ್ಡು ಯಾವುದು ಎಂಬ ಭೇದ ಗೊತ್ತಿಲ್ಲ. ಎರಡನ್ನೂ ತೊಳೆದು ಹಾಕುತ್ತದೆ. ನೀರೂ ಸಾಧುವಲ್ಲ. ನೆಂದ ಚರ್ಮ ಉಬ್ಬುತ್ತದೆ, ಆರುವಾಗ ಕುಗ್ಗುತ್ತದೆ, ಹೀಗೆ ಉಬ್ಬಿ ಕುಗ್ಗಿ ಗಾರೆ ಉದುರಿದ ಜಾಗದಲ್ಲಿ ಬಿರಿಯುತ್ತದೆ. ಇದು ಪಾಟಿಯ ಮಾತೇ, ಐನೂರು ರೂಪಾಯಿ ಫೀಸಿನ ಸಮೇತ.

ಆದರೆ ಅವರು ಹೇಳಿದ ಇನ್ನೊಂದು ಸಂಗತಿ ನನ್ನನ್ನು ನಿಜವಾಗಿ ಬೆರಗಾಗಿಸಿತು. ಮೈಮೇಲೆಲ್ಲ ಎಣ್ಣೆ ಸುರಿಸುವ ಸಣ್ಣ ಸಣ್ಣ ಗ್ರಂಥಿಗಳಿವೆ, ಅಂಗೈಯಲ್ಲಿ ಮತ್ತು ಅಂಗಾಲಿನಲ್ಲಿ ಮಾತ್ರ ಒಂದೂ ಇಲ್ಲ. ಬೆವರಿನ ರಂಧ್ರಗಳು ಬೇಕಾದಷ್ಟಿವೆ, ಎಣ್ಣೆಯದಿಲ್ಲ. ಇರುವಲ್ಲೆಲ್ಲ ಅತಿ ಹೆಚ್ಚು ಇರುವ ಜಾಗಗಳಲ್ಲಿ ಹಣೆಯೂ ಒಂದು, ತಲೆಯೂ ಒಂದು. ತಕ್ಷಣ ನನಗೆ ಆ ಹುಡುಗಿ ನೆನಪಾದಳು. ಹಣೆಗೊಂದ್ಸಲ ಒರೆಸ್ಕೊಳ್ಳಿ! ಅವಳಿಗೆ ಯಾವ ಮೆಡಿಕಲ್ ಕಾಲೇಜೂ ಹೇಳಿಕೊಟ್ಟಿದ್ದಲ್ಲ. ಕೂಲಿಯವರು, ಗಾರೆಯವರು, ಮುಸುರೆ ತಿಕ್ಕುವವರು ಹೀಗೆ ದಿನಕ್ಕೆ ಹತ್ತಾರು ಒಣ ಬೆರಳುಗಳನ್ನು ಕಂಡು ಕಂಡು, ಇಲ್ಲದ ಕಡೆಗೆ ಇರುವ ಕಡೆಯಿಂದ ಕಡ ತರುವುದನ್ನು ಕಲಿತಿದ್ದಳು.

ನಮ್ಮಮ್ಮನೂ ಕಡ ತರುತ್ತಿದ್ದಳು. ಬೂದಿ, ಹುಣಿಸೆಹಣ್ಣು, ತೆಂಗಿನ ನಾರು ಹಾಕಿ ಕಂಚು ಹಿತ್ತಾಳೆ ಬೆಳಗುತ್ತಿದ್ದ ಕೈ ಅದು. ಬೂದಿಯೂ ಕ್ಷಾರವೇ. ಆದರೆ ಸಂಜೆ ದೀಪಕ್ಕೆ ಎಣ್ಣೆ ಹಾಕಿದ ಮೇಲೆ ಬೆರಳಿಗಂಟಿದ್ದನ್ನು ಅವಳು ಎಂದೂ ತೊಳೆಯುತ್ತಿರಲಿಲ್ಲ. ಎರಡು ಕೈಯನ್ನೂ ಒಂದಕ್ಕೊಂದು ಉಜ್ಜಿ, ಮುಂಗೈಗೆ ಸವರಿ, ಮಿಕ್ಕದ್ದನ್ನು ನನ್ನ ಒಣಗಿದ ಮೊಣಕಾಲಿಗೆ ಒರೆಸುತ್ತಿದ್ದಳು. ಒಬ್ಬಟ್ಟಿನ ಕಣಕ ನಾದಿದ ದಿನ ಅವಳ ಕೈ ಎಷ್ಟು ಮೆತ್ತಗಿರುತ್ತಿತ್ತೆಂದರೆ, ಹಬ್ಬದ ದಿನ ಅವಳು ಕೆನ್ನೆ ಸವರಿದ್ದು ಬೇರೆ ದಿನಕ್ಕಿಂತ ಬೇರೆಯಾಗಿಯೇ ನೆನಪಿದೆ. ಎಣ್ಣೆ ಹತ್ತಿದ ಕೈಯನ್ನು ಕೂಡಲೇ ತೊಳೆಯುವುದು ನನ್ನ ಕಾಲದಲ್ಲಿ ಬಂದ ನಾಗರಿಕತೆ.

ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಯೂರಿಯಾ ಕ್ರೀಮ್ ಎಂದಿತ್ತು. ಯೂರಿಯಾ ಎಂದರೆ ರಾಗಿ ಹೊಲಕ್ಕೆ ಹಾಕುವುದೆಂದು ತಿಳಿದಿದ್ದವನಿಗೆ ಅದು ಚರ್ಮದಲ್ಲೂ ತಾನಾಗಿ ಇರುವ ವಸ್ತು, ನೀರು ಹಿಡಿದಿಟ್ಟುಕೊಳ್ಳುತ್ತದೆ, ಗಡಸಾದದ್ದನ್ನು ಮೆತ್ತಗೆ ಮಾಡುತ್ತದೆ ಎಂದು ಗೊತ್ತಾಯಿತು. ಹಗಲಿಗೆ ಅದು. ಸೀಳು ಇರುವಲ್ಲಿ ಚುರುಗುಟ್ಟುತ್ತದೆ, ಅಲ್ಲಿಗೆ ಬೇಡ. ರಾತ್ರಿಗೆ ವ್ಯಾಸಲೀನ್. ಹಚ್ಚುವ ಕ್ರಮವನ್ನೂ ಹೇಳಿದರು. ಒಣ ಕೈಗೆ ಹಚ್ಚಿದರೆ ಒಣಗಿದ್ದನ್ನೇ ಮುಚ್ಚಿದಂತೆ. ಬೆಚ್ಚನೆ ನೀರಲ್ಲಿ ಒಂದಿಷ್ಟು ಹೊತ್ತು ಕೈ ನೆನೆಸಿ, ಟವೆಲ್ಲಿನಿಂದ ಉಜ್ಜದೆ ಒತ್ತಿ, ಇನ್ನೂ ತೇವ ಇರುವಾಗಲೇ ಹಚ್ಚಬೇಕು. ಮೇಲೆ ಹತ್ತಿಯ ಗ್ಲೌಸು.

ವ್ಯಾಸಲೀನ್ ಡಬ್ಬಿ ಕೈಗೆ ಬಂದಾಗ ನನಗೆ ನೆಂಟರ ಮನೆಗೆ ಹೋದಷ್ಟು ಸಂತೋಷವಾಯಿತು, ಏಕೆಂದರೆ ಅದು ಹುಟ್ಟಿದ್ದು ನಮ್ಮಂಥವರ ನಡುವೆ. 1859ರಲ್ಲಿ ರಾಬರ್ಟ್ ಚೀಸ್‌ಬ್ರೋ ಎಂಬ ಅಮೆರಿಕದ ಹುಡುಗ ಪೆನ್ಸಿಲ್ವೇನಿಯಾದ ಎಣ್ಣೆ ಬಾವಿಗಳನ್ನು ನೋಡಲು ಹೋಗಿದ್ದ. ಅಲ್ಲಿ ಪಂಪಿನ ಸರಳುಗಳಿಗೆ ಮೇಣದಂಥ ಒಂದು ಜಿಡ್ಡು ಕಟ್ಟಿಕೊಳ್ಳುತ್ತಿತ್ತು. ಕೆಲಸಗಾರರು ಅದನ್ನು ಬೈದುಕೊಂಡು ಕೆರೆದು ತೆಗೆಯುತ್ತಿದ್ದರು, ಆದರೆ ಕೈ ಸುಟ್ಟರೆ, ಕೊಯ್ದರೆ ಅದನ್ನೇ ಬಳಿದುಕೊಳ್ಳುತ್ತಿದ್ದರು. ಅವನು ಅದನ್ನು ಶೋಧಿಸಿ, ಬಿಳುಪು ಮಾಡಿ, 1872ರಲ್ಲಿ ಪೇಟೆಂಟ್ ಪಡೆದ. ಮೆಷಿನ್ನಿನಿಂದ ಕೆರೆದು ಎಸೆಯುವ ಜಿಡ್ಡು! ನಾನು ಮೂವತ್ತೈದು ವರ್ಷ ಸೀಮೆಎಣ್ಣೆ ಹಾಕಿ ಕಿತ್ತದ್ದನ್ನು ಈಗ ದುಡ್ಡು ಕೊಟ್ಟು ತಂದು ಹಚ್ಚುತ್ತಿದ್ದೆ.

ಹತ್ತಿಯ ಗ್ಲೌಸು ಮನೆಯಲ್ಲಿರಲಿಲ್ಲ. ಹಳೆಯ ಬಿಳಿ ಕಾಲುಚೀಲ ಒಂದು ಜೊತೆ ಸಿಕ್ಕಿತು, ಕಾರ್ಖಾನೆಯ ಶೂಗಳ ಕಾಲದ್ದು. ರಾತ್ರಿ ಹತ್ತಕ್ಕೆ ಕೈಗೆ ಅದನ್ನು ಹಾಕಿಕೊಂಡು ಕೂತೆ. ಆಮೇಲೆ ಗೊತ್ತಾಯಿತು, ದೀಪ ಆರಿಸುವುದು, ಹೊದಿಕೆ ಎಳೆದುಕೊಳ್ಳುವುದು, ಸೊಳ್ಳೆ ಹೊಡೆಯುವುದು ಯಾವುದೂ ಕಾಲುಚೀಲದ ಕೈಗೆ ಬರುವುದಿಲ್ಲ. ಹೆಂಡತಿ ಸೀರೆ ಸೆರಗು ಬಾಯಿಗಿಟ್ಟು ನಕ್ಕಳು. ಮೊಮ್ಮಗನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದಳು. “ತಾತ ಬಾಕ್ಸಿಂಗ್ ಮಾಡ್ತಾರಾ?” ಎಂದು ಅವನು ಬೆಂಗಳೂರಿನಿಂದ ಕೇಳಿದ.

ನಾಲ್ಕನೆಯ ರಾತ್ರಿ ನೋಡುತ್ತೇನೆ, ಒಂದೇ ಕಾಲುಚೀಲ ಇದೆ. ಮಂಚದ ಕೆಳಗೆ, ದಿಂಬಿನಡಿ ಹುಡುಕಿದೆ. ಆಕೆ ಆಗಲೇ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹೊದಿಕೆಯ ಹೊರಗೆ ಬಂದಿದ್ದ ಬಲಗೈಯಲ್ಲಿ ಬಿಳಿ ಕಾಲುಚೀಲ. ಮಣಿಕಟ್ಟಿಗೆ ಜಾರದಂತೆ ರಬ್ಬರ್ ಬ್ಯಾಂಡ್ ಬೇರೆ ಹಾಕಿದ್ದಳು. ನನಗೆ ಅದು ಹೊಳೆದೇ ಇರಲಿಲ್ಲ. ಎಳ್ಳು ಬೆಲ್ಲಕ್ಕೆ ಕೊಬ್ಬರಿ ಹೆಚ್ಚಿದ್ದು, ಪಾತ್ರೆ, ಬಟ್ಟೆ, ಹಬ್ಬಕ್ಕೆಂದು ಮನೆ ತೊಳೆದದ್ದು, ಇದೆಲ್ಲದರ ನಡುವೆ ನಾನು ಒಂದು ವಾರದಿಂದ ಮನೆಯವರಿಗೆಲ್ಲ ನನ್ನ ಹೆಬ್ಬೆರಳಿನ ವರದಿ ಒಪ್ಪಿಸುತ್ತಿದ್ದೆ. ಆಕೆಯ ಬೆರಳನ್ನು ಯಾವ ಯಂತ್ರವೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಉಳಿದ ಒಂದು ಚೀಲವನ್ನು ಬಲಗೈಗೆ ಹಾಕಿಕೊಂಡು ಮಲಗಿದೆ. ಆಮೇಲಿನ ರಾತ್ರಿಗಳೆಲ್ಲ ಹಾಗೆಯೇ, ಒಬ್ಬೊಬ್ಬರಿಗೆ ಒಂದೊಂದು. ಇನ್ನೊಂದು ಜೊತೆ ತರಬಹುದಿತ್ತು. ತರಲಿಲ್ಲ.

ಸಂಕ್ರಾಂತಿ ಕಳೆದು ಐದಾರು ದಿನಕ್ಕೆ ಸೀಳಿನ ಎರಡು ಅಂಚೂ ಕೂಡಿಕೊಂಡವು. ಸಿಬರು ಮೆತ್ತಗಾಯಿತು. ಕನ್ನಡಕ ಹಾಕಿ ನೋಡಿದರೆ ಉತ್ತ ಹೊಲದ ಸಾಲಿನಂತೆ ಸುತ್ತು ಸುತ್ತಾಗಿ ಗೆರೆಗಳು ಮತ್ತೆ ಕಾಣುತ್ತಿದ್ದವು. ಕೈ ತೊಳೆಯುವುದನ್ನು ಏಳಕ್ಕೆ ಇಳಿಸಿದ್ದೆ. ಈ ಅಂಕಿ ನನ್ನ ಮಟ್ಟಿಗೆ ಬೀಡಿ ಬಿಟ್ಟವನ ಅಂಕಿಯ ಹಾಗೆ. ಹುಡುಗಿಯ ಮುಂದೆ ಹೋಗಿ ಕೂತೆ. ಅವಳು ಏನೂ ಹೇಳುವ ಮೊದಲೇ ಹೆಬ್ಬೆರಳನ್ನು ಹಣೆಗೊಮ್ಮೆ ಒರೆಸಿ ಗಾಜಿನ ಮೇಲಿಟ್ಟೆ. ಟಿಕ್ ಎಂದಿತು. “ಆಯ್ತು ಅಂಕಲ್” ಎಂದಳು. ಇನ್ನೊಂದು ವರ್ಷ ನಾನು ಇದ್ದೇನೆ.

ಅದೇ ಉಬ್ಬಿನಲ್ಲಿ ಮನೆಗೆ ಬಂದೆ. ಹೆಂಡತಿ ಹಾಲ್‌ನಲ್ಲಿ ಚಾಪೆ ಹಾಸಿ, ಮುಂದೆ ಬೇಸಿನ್ ತುಂಬ ನೆನೆಸಿದ ಅವರೆಕಾಳು ಇಟ್ಟುಕೊಂಡು ಹಿದುಕುತ್ತಿದ್ದಳು. ಎರಡು ಬೆರಳ ನಡುವೆ ಕಾಳು ಹಿಡಿದು ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆಯಿಂದ ಬೇಳೆ ಪಟಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ. ನಮ್ಮ ಕೋಲಾರದ ಕಡೆ ಈ ಕಾಲದಲ್ಲಿ ಯಾವ ಮನೆಗೆ ಹೋದರೂ ಇದೇ ಸದ್ದು. ಗಂಟೆಗಟ್ಟಲೆ ನೀರಲ್ಲಿ ಇದ್ದು ಆಕೆಯ ಬೆರಳ ತುದಿಗಳು ಸುಕ್ಕಾಗಿ ಬೆಳ್ಳಗಾಗಿದ್ದವು. ಉಗುರಿನ ಸುತ್ತ ಸೊಗಡಿನ ಕಂದು ಕಲೆ.

“ಒಪ್ಪಿಕೊಂಡಿತು” ಎಂದೆ, ಹೆಬ್ಬೆರಳು ಎತ್ತಿ ತೋರಿಸುತ್ತ.

“ಒಳ್ಳೇದಾಯ್ತು.”

“ನೀನು ಏಳು, ಸಾಕು. ಇನ್ನು ನಾನು ಹಿದುಕ್ತೀನಿ” ಎಂದು ಚಾಪೆಯ ಮೇಲೆ ಕೂತು ಬೇಸಿನ್ನಿಗೆ ಕೈ ಚಾಚಿದೆ.

ಆಕೆ ಬೇಸಿನ್ನನ್ನು ತಟ್ಟನೆ ತನ್ನ ಕಡೆಗೆ ಎಳೆದುಕೊಂಡಳು. “ಆ ವ್ಯಾಸಲೀನ್ ಕೈಯಲ್ಲಾ? ಹೋಗಿ ಕೈ ತೊಳ್ಕೊಂಡು ಬನ್ನಿ.”

“ಸೋಪು ಹಾಕಿಯಾ?”

“ಮತ್ತೆ?”